ಕುರ್ಚಿ ಅಲುಗಾಡಿದ ಬೇಸಿಗೆ: ಕರಡಿ ಬ್ರಯಂಟ್ ಎಂಬ ಫುಟ್‌ಬಾಲ್ ಗುರುವಿನ ಕಥೆ

1971ರ ಆಗಸ್ಟ್ ತಿಂಗಳು. ಅಮೆರಿಕದ ದಕ್ಷಿಣದಲ್ಲಿರುವ ಅಲಬಾಮಾ ರಾಜ್ಯದ ಟಸ್ಕಲೂಸಾ ಪಟ್ಟಣ. ಅಲ್ಲಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಅಭ್ಯಾಸ ನಡೆಸುತ್ತಿದ್ದ ಮೈದಾನಕ್ಕೆ ಹೊರಗಿನವರ ಕಣ್ಣು ಬೀಳದಂತೆ ಮರೆ ಕಟ್ಟಲಾಗಿತ್ತು. ಹೊಸ ಋತುವಿನ ತಯಾರಿ ನೋಡಲು ಬಂದ ಕ್ರೀಡಾ ವರದಿಗಾರರ ಮುಂದೆ ಆಟಗಾರರು ಹಿಂದಿನ ವರ್ಷದ ಆಟವನ್ನೇ ಆಡಿ ತೋರಿಸಿದರು. ವರದಿಗಾರರು ಊರು ಬಿಟ್ಟ ಮೇಲೆ ಮೈದಾನದಲ್ಲಿ ನಡೆಯುತ್ತಿದ್ದುದೇ ಬೇರೆ. ಪಕ್ಕದ ಎತ್ತರದ ಅಟ್ಟಣಿಗೆಯ ಮೇಲೆ ನಿಂತು ಇದೆಲ್ಲವನ್ನೂ ನಡೆಸುತ್ತಿದ್ದ ಸೂತ್ರಧಾರನಿಗೆ ಆಗ 57 ವರ್ಷ. ಹೆಸರು ಪಾಲ್ ಬ್ರಯಂಟ್. ಇಡೀ ಅಮೆರಿಕಕ್ಕೆ ಅವರು ಬೇರ್ ಬ್ರಯಂಟ್, ಅಂದರೆ ಕರಡಿ ಬ್ರಯಂಟ್.

ಕರಡಿಯ ಹಲ್ಲು ಉದುರಿದೆ ಎಂದು ಜನ ಆಡಿಕೊಳ್ಳುತ್ತಿದ್ದ ಕಾಲ ಅದು. 1961, 1964 ಮತ್ತು 1965ರಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದುಕೊಟ್ಟಿದ್ದ ಕೋಚ್ 1969ರಲ್ಲಿ 6 ಪಂದ್ಯ ಗೆದ್ದು 5ರಲ್ಲಿ ಸೋತಿದ್ದರು. 1970ರಲ್ಲಿ ಮತ್ತೆ 6 ಗೆಲುವು, 5 ಸೋಲು, ಒಂದು ಸಮ. ಬೇರೆ ಯಾವುದಾದರೂ ವಿಶ್ವವಿದ್ಯಾಲಯವಾಗಿದ್ದರೆ ಇದನ್ನು ಸಾಧಾರಣ ಸಾಧನೆಯೆಂದು ಸಹಿಸಿಕೊಳ್ಳುತ್ತಿತ್ತೇನೋ. ಅಲಬಾಮಾದಲ್ಲಿ ಅದು ಅಪರಾಧಕ್ಕೆ ಸಮ. ಬ್ರಯಂಟ್ ಮುದುಕರಾದರು, ಆಟ ಅವರನ್ನು ದಾಟಿ ಮುಂದೆ ಹೋಯಿತು ಎಂಬ ಮಾತು ಹಳೆಯ ವಿದ್ಯಾರ್ಥಿಗಳ ನಡುವೆ, ಕ್ಷೌರದಂಗಡಿಗಳಲ್ಲಿ, ಚರ್ಚಿನ ಅಂಗಳಗಳಲ್ಲಿ ಬಹಿರಂಗವಾಗಿಯೇ ಕೇಳಿಬರುತ್ತಿತ್ತು.

ಮುಂದುವರಿಯುವ ಮೊದಲು ಒಂದು ವಿವರಣೆ ಅಗತ್ಯ. ಇಲ್ಲಿ ಹೇಳುತ್ತಿರುವ ಫುಟ್‌ಬಾಲ್ ಪೆಲೆ, ಮರಡೋನಾ ಆಡಿದ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಡ್ಡ ಬಂದವರನ್ನು ಮೈಯಿಂದ ಗುದ್ದಿ ಉರುಳಿಸುವ ಅಮೆರಿಕನ್ ಫುಟ್‌ಬಾಲ್ ಇದು. ತಂಡಕ್ಕೆ 11 ಮಂದಿ. ನಾಲ್ಕು ಯತ್ನಗಳಲ್ಲಿ ಚೆಂಡನ್ನು ಹತ್ತು ಗಜ ಮುಂದೊಯ್ಯದಿದ್ದರೆ ಅದು ಎದುರಾಳಿಯ ಪಾಲು. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನ ಕೈಗೆ. ಕೊಡಬೇಕೋ, ಎಸೆಯಬೇಕೋ, ತಾನೇ ಓಡಬೇಕೋ ಎಂಬುದು ಅವನ ಹೊಣೆ. ಈ ಆಟದಲ್ಲಿ ವಿಶ್ವವಿದ್ಯಾಲಯಗಳ ತಂಡಗಳಿಗೆ ಅಮೆರಿಕದಲ್ಲಿ ಇರುವ ಅಭಿಮಾನಿ ಬಳಗ ನಮ್ಮ ಊಹೆಗೂ ನಿಲುಕದು. ಪ್ರಮುಖ ವೃತ್ತಿಪರ ಲೀಗಿನ ತಂಡವೇ ಇಲ್ಲದ ಅಲಬಾಮಾದಂತಹ ರಾಜ್ಯದಲ್ಲಿ ವಿದ್ಯಾರ್ಥಿಗಳ ತಂಡವೇ ಊರಿನ ಮಾನ. ಬಡತನ, ಹಿಂದುಳಿದಿರುವಿಕೆ, ವರ್ಣಭೇದದ ಅಪಕೀರ್ತಿ ಇವೆಲ್ಲದರ ನಡುವೆ ದೇಶದ ಎದುರು ಎದೆಯುಬ್ಬಿಸಿ ನಿಲ್ಲಲು ಆ ರಾಜ್ಯದ ಬಿಳಿಯರಿಗೆ ಇದ್ದ ಒಂದೇ ಆಸರೆ ಕಡುಗೆಂಪು ಅಂಗಿಯ ಆ ತಂಡ. ಅದರ ಹೆಸರು ಕ್ರಿಮ್ಸನ್ ಟೈಡ್.

ಒಂದು ಡಾಲರ್ ಆಸೆಗೆ ಕುಸ್ತಿ

ಬ್ರಯಂಟ್ ಹುಟ್ಟಿದ್ದು 1913ರ ಸೆಪ್ಟೆಂಬರ್ 11ರಂದು, ಆರ್ಕನ್ಸಾ ರಾಜ್ಯದ ಮೋರೋ ಬಾಟಮ್ ಎಂಬ ಕುಗ್ರಾಮದಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ತಂದೆಗೆ ಸದಾ ಅನಾರೋಗ್ಯ. ಸಂಸಾರದ ನೊಗ ತಾಯಿ ಐಡಾಳ ಹೆಗಲ ಮೇಲಿತ್ತು. ಹೊಲದಲ್ಲಿ ಬೆಳೆದ ತರಕಾರಿಯನ್ನು ಬಂಡಿಯಲ್ಲಿ ತುಂಬಿಕೊಂಡು ಆಕೆ ಹತ್ತಿರದ ಫೋರ್ಡೈಸ್ ಪಟ್ಟಣದಲ್ಲಿ ಮನೆಮನೆಗೆ ಮಾರಲು ಹೋಗುವಾಗ ಹುಡುಗನೂ ಜೊತೆಗಿರುತ್ತಿದ್ದ. ಪಟ್ಟಣದ ಮಕ್ಕಳು ತಮ್ಮನ್ನು ನೋಡಿ ನಕ್ಕದ್ದನ್ನು ಬ್ರಯಂಟ್ ಮುಪ್ಪಿನವರೆಗೂ ಮರೆಯಲಿಲ್ಲ. ಮತ್ತೆ ಆ ಬಂಡಿಯ ಹಿಂದೆ ಹೋಗಬೇಕಾದೀತೆಂಬ ಭಯವೇ ತಮ್ಮನ್ನು ಜೀವನವಿಡೀ ಓಡಿಸಿತೆಂದು ಅವರು ಹೇಳಿಕೊಳ್ಳುತ್ತಿದ್ದರು.

ಕರಡಿ ಎಂಬ ಹೆಸರು ಅಂಟಿಕೊಂಡದ್ದು ಹದಿಮೂರರ ಆಸುಪಾಸಿನಲ್ಲಿ. ಫೋರ್ಡೈಸಿನ ಚಿತ್ರಮಂದಿರಕ್ಕೆ ಪಳಗಿಸಿದ ಕರಡಿಯೊಂದನ್ನು ತಂದಿದ್ದರು. ಅದರೊಡನೆ ಸೆಣಸಿದವನಿಗೆ ನಿಮಿಷಕ್ಕೆ ಒಂದು ಡಾಲರ್ ಎಂಬ ಘೋಷಣೆ. ವಯಸ್ಸಿಗೆ ಮೀರಿ ಬೆಳೆದಿದ್ದ ಹುಡುಗ ವೇದಿಕೆ ಹತ್ತಿಯೇಬಿಟ್ಟ. ಕರಡಿಯ ಬಾಯಿಪಟ್ಟಿ ಕಳಚಿತು, ಕಿವಿಗೆ ಗಾಯವಾಯಿತು, ಹುಡುಗ ವೇದಿಕೆಯಿಂದ ಪ್ರೇಕ್ಷಕರ ನಡುವೆ ಹಾರಿ ಪಾರಾದ. ಹಣ ಕೇಳಲು ಹೋಗುವಷ್ಟರಲ್ಲಿ ಕರಡಿಯ ಯಜಮಾನ ಜಾಗ ಖಾಲಿ ಮಾಡಿದ್ದ. ಡಾಲರ್ ಸಿಗಲಿಲ್ಲ, ಹೆಸರು ಮಾತ್ರ ಉಳಿಯಿತು.

ಫೋರ್ಡೈಸ್ ಶಾಲೆಯ ತಂಡದಲ್ಲಿ ಮಿಂಚಿದ ಈ ಹುಡುಗ 1931ರಲ್ಲಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಬಂದ. ಮುಂದೆ ವೃತ್ತಿಪರ ಆಟದಲ್ಲಿ ದಂತಕಥೆಯಾದ ಡಾನ್ ಹಟ್ಸನ್ ತಂಡದ ಒಂದು ತುದಿಯಲ್ಲಾದರೆ ಇನ್ನೊಂದು ತುದಿಯಲ್ಲಿ ಬ್ರಯಂಟ್. ಪ್ರತಿಭೆಯಲ್ಲಿ ಇಬ್ಬರ ನಡುವೆ ಬಹಳ ಅಂತರ. ಆದರೆ 1935ರಲ್ಲಿ ಕಾಲಿನ ಮೂಳೆ ಮುರಿದಿದ್ದರೂ ಟೆನೆಸಿ ವಿರುದ್ಧದ ಪಂದ್ಯಕ್ಕೆ ಇಳಿದು ತಂಡವನ್ನು 25-0ರಿಂದ ಗೆಲ್ಲಿಸಲು ನೆರವಾದ ಛಲ ಬ್ರಯಂಟರಿಗೆ ಹೆಸರು ತಂದಿತು. ಅದೇ ವರ್ಷ ಸಹಪಾಠಿ ಮೇರಿ ಹಾರ್ಮನ್ ಬ್ಲ್ಯಾಕ್ ಅವರೊಡನೆ ವಿವಾಹ. ಬಳಿಕ ಸಹಾಯಕ ಕೋಚ್ ಹುದ್ದೆಗಳು, ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಸೇವೆ.

ಮುಖ್ಯ ಕೋಚ್ ಆಗಿ ಮೊದಲ ನೆಲೆ 1945ರಲ್ಲಿ ಮೇರಿಲ್ಯಾಂಡ್. ತಾವು ಶಿಸ್ತುಕ್ರಮ ಕೈಗೊಂಡಿದ್ದ ಆಟಗಾರನನ್ನು ವಿಶ್ವವಿದ್ಯಾಲಯದ ಅಧ್ಯಕ್ಷರು ಮರಳಿ ಸೇರಿಸಿಕೊಂಡರೆಂಬ ಕಾರಣಕ್ಕೆ ಒಂದೇ ಋತುವಿಗೆ ರಾಜೀನಾಮೆ. ಮುಂದೆ ಕೆಂಟಕಿಯಲ್ಲಿ ಎಂಟು ವರ್ಷ, 60 ಗೆಲುವು. 1951ರ ಜನವರಿಯ ಷುಗರ್ ಬೌಲ್ ಪಂದ್ಯದಲ್ಲಿ ಕೆಂಟಕಿ ತಂಡ ಸತತ 31 ಪಂದ್ಯ ಗೆದ್ದು ಬೀಗುತ್ತಿದ್ದ ಓಕ್ಲಹೋಮಾವನ್ನು 13-7ರಿಂದ ಮಣಿಸಿತು. ಆದರೆ ಅದು ಬ್ಯಾಸ್ಕೆಟ್‌ಬಾಲ್ ನಾಡು. ಅಡಾಲ್ಫ್ ರಪ್ ಎಂಬ ಬ್ಯಾಸ್ಕೆಟ್‌ಬಾಲ್ ಗುರುವಿನ ನೆರಳಿನಲ್ಲಿ ಎರಡನೆಯವನಾಗಿ ಬಾಳುವುದು ಬ್ರಯಂಟರಿಗೆ ಒಗ್ಗಲಿಲ್ಲ.

ಜಂಕ್ಷನ್ನಿನ ಹತ್ತು ದಿನ

1954ರಲ್ಲಿ ಅವರು ಟೆಕ್ಸಾಸ್ ಎ ಅಂಡ್ ಎಂ ಸೇರಿದರು. ಆ ಸೆಪ್ಟೆಂಬರಿನಲ್ಲಿ ನಡೆದದ್ದನ್ನು ಇಂದು ಯಾವ ಕಾಲೇಜಿನಲ್ಲಾದರೂ ನಡೆಸಿದರೆ ಕೋಚ್ ನೇರ ನ್ಯಾಯಾಲಯದ ಕಟಕಟೆಗೆ ಹೋಗಬೇಕಾದೀತು. ಸುಮಾರು ನೂರು ಹುಡುಗರನ್ನು ಬಸ್ಸುಗಳಲ್ಲಿ ತುಂಬಿ ಜಂಕ್ಷನ್ ಎಂಬ ಬರಪೀಡಿತ ಊರಿಗೆ ಕರೆದೊಯ್ದರು. ಕಲ್ಲು ಮುಳ್ಳಿನ ಬಯಲು, ಸುಡುವ ಬಿಸಿಲು, ಬೆಳಗಿನಿಂದ ರಾತ್ರಿಯವರೆಗೆ ದುಡಿತ, ಅಭ್ಯಾಸದ ನಡುವೆ ಗುಟುಕು ನೀರಿಗೂ ನಿಷೇಧ. ನೀರು ಕುಡಿಯುವುದು ದೌರ್ಬಲ್ಯವೆಂದು ಆ ಕಾಲದ ಕೋಚ್‌ಗಳು ನಂಬಿದ್ದರು. ರಾತ್ರೋರಾತ್ರಿ ಹುಡುಗರು ಗಂಟುಮೂಟೆ ಕಟ್ಟಿ ಓಡಿಹೋದರು. ಬಿಸಿಲ ಹೊಡೆತಕ್ಕೆ ಒಬ್ಬ ಆಟಗಾರ ಸಾವಿನ ಅಂಚಿಗೆ ಹೋಗಿ ಬಂದ. ಹತ್ತು ದಿನ ಕಳೆದಾಗ ಉಳಿದವರು ಸುಮಾರು 35 ಮಂದಿ.

ಫಲ? ಆ ಋತುವಿನಲ್ಲಿ ಒಂದು ಗೆಲುವು, ಒಂಬತ್ತು ಸೋಲು. ಮುಖ್ಯ ಕೋಚ್ ಆಗಿ 38 ಋತು ಕಳೆದ ಬ್ರಯಂಟರಿಗೆ ಗೆಲುವಿಗಿಂತ ಸೋಲು ಹೆಚ್ಚಾದ ಒಂದೇ ಒಂದು ಋತು ಅದು. ಆದರೆ ಎರಡೇ ವರ್ಷದಲ್ಲಿ, 1956ರಲ್ಲಿ, ಅದೇ ತಂಡ ಸೋಲರಿಯದೆ ತನ್ನ ಒಕ್ಕೂಟದ ಚಾಂಪಿಯನ್ ಆಯಿತು. ಜಂಕ್ಷನ್ನಿನ ಕಥೆಯನ್ನು ಪೌರುಷದ ಮಹಾಕಾವ್ಯವಾಗಿ ಹಾಡುವವರು ಅಮೆರಿಕದಲ್ಲಿ ಇಂದಿಗೂ ಇದ್ದಾರೆ. ಓಡಿಹೋದ ಅರವತ್ತು ಚಿಲ್ಲರೆ ಹುಡುಗರ ಕಥೆಯನ್ನು ಯಾರೂ ಹಾಡಿದಂತಿಲ್ಲ. ಬ್ರಯಂಟರೇ ಮುಂದೆ ಆ ಶಿಬಿರದ ಬಗ್ಗೆ ಪೂರ್ತಿ ನೆಮ್ಮದಿಯಿಂದ ಮಾತನಾಡಲಿಲ್ಲ.

1957ರ ಕೊನೆಗೆ ಅಲಬಾಮಾದಿಂದ ಕರೆ ಬಂತು. ಹಿಂದಿನ ಮೂರು ಋತುಗಳಲ್ಲಿ ಆ ತಂಡ ಗೆದ್ದದ್ದು ಬರೀ ನಾಲ್ಕು ಪಂದ್ಯ, ಸೋತದ್ದು 24. ತಾಯಿ ಕರೆದ ಮೇಲೆ ಹೋಗದಿರಲಾಗದು ಎಂಬರ್ಥದ ಮಾತು ಹೇಳಿ ಬ್ರಯಂಟ್ ಹೊರಟರು. ನಾಲ್ಕನೆಯ ವರ್ಷ, 1961ರಲ್ಲಿ, 11ಕ್ಕೆ 11 ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್. ಮುಂದಿನ ಕೆಲವು ವರ್ಷಗಳಲ್ಲಿ ಜೋ ನೇಮತ್, ಕೆನ್ ಸ್ಟೇಬ್ಲರ್‌ರಂತಹ ಕ್ವಾರ್ಟರ್‌ಬ್ಯಾಕ್‌ಗಳು ಅವರ ಗರಡಿಯಲ್ಲಿ ಪಳಗಿದರು.

ಕೀರ್ತಿಯ ಬೆನ್ನಿಗೇ ಕಳಂಕವೂ ಬಂತು. ಜಾರ್ಜಿಯಾ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕ ವಾಲಿ ಬಟ್ಸ್ ತಮ್ಮ ತಂಡದ ಗುಟ್ಟನ್ನು ದೂರವಾಣಿಯಲ್ಲಿ ಬ್ರಯಂಟರಿಗೆ ಬಿಟ್ಟುಕೊಟ್ಟರೆಂದು ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆ 1963ರಲ್ಲಿ ಬರೆಯಿತು. ಇಬ್ಬರೂ ಮಾನನಷ್ಟ ಮೊಕದ್ದಮೆ ಹೂಡಿದರು. ಬ್ರಯಂಟರಿಗೆ 3 ಲಕ್ಷ ಡಾಲರ್ ಕೊಟ್ಟು ಪತ್ರಿಕೆ ರಾಜಿ ಮಾಡಿಕೊಂಡಿತು. ಬಟ್ಸ್ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 1967ರಲ್ಲಿ ಅವರ ಪರವಾಗಿಯೇ ತೀರ್ಮಾನವಾಯಿತು. ಪತ್ರಿಕೋದ್ಯಮದ ವಿದ್ಯಾರ್ಥಿಗಳು ಇಂದಿಗೂ ಓದಬೇಕಾದ ಪ್ರಕರಣ ಅದು. ಸಾಕಷ್ಟು ಪರಿಶೀಲಿಸದೆ ಅಚ್ಚು ಹಾಕಿದ ವರದಿಯ ಬೆಲೆ ಎಷ್ಟೆಂಬುದು ನಮ್ಮ ವೃತ್ತಿಯವರಿಗೆ ಅದರಿಂದ ಗೊತ್ತಾಯಿತು.

ಬಿಳಿಯರ ತಂಡ

ಈ ವಿಜಯಗಾಥೆಯುದ್ದಕ್ಕೂ ಒಂದು ಸಂಗತಿ ಕಣ್ಣಿಗೆ ರಾಚುತ್ತದೆ. ಅಲಬಾಮಾದ ತಂಡದಲ್ಲಿ ಇದ್ದವರೆಲ್ಲ ಬಿಳಿಯರು. 1963ರ ಜೂನ್ 11ರಂದು ಇಬ್ಬರು ಕಪ್ಪು ವರ್ಣೀಯ ವಿದ್ಯಾರ್ಥಿಗಳ ಪ್ರವೇಶ ತಡೆಯಲು ಗವರ್ನರ್ ಜಾರ್ಜ್ ವಾಲೇಸ್ ಬಾಗಿಲಿಗೆ ಅಡ್ಡ ನಿಂತದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಕೇಂದ್ರ ಸರ್ಕಾರದ ಒತ್ತಡಕ್ಕೆ ಬಾಗಿಲು ತೆರೆಯಿತು. ಫುಟ್‌ಬಾಲ್ ಮೈದಾನದ ಗೇಟು ಮಾತ್ರ ತೆರೆಯಲಿಲ್ಲ. 1966ರಲ್ಲಿ ಅಲಬಾಮಾ ಆಡಿದ 11 ಪಂದ್ಯಗಳನ್ನೂ ಗೆದ್ದಿತು. ಆದರೂ ಪತ್ರಕರ್ತರು ಮತ ಹಾಕಿ ಆರಿಸುವ ರಾಷ್ಟ್ರೀಯ ಶ್ರೇಯಾಂಕದಲ್ಲಿ ಮೂರನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಬಿಳಿಯರಷ್ಟೇ ಇರುವ ತಂಡಕ್ಕೆ ಮತ ಹಾಕಲು ಉತ್ತರದ ಪತ್ರಕರ್ತರು ಹಿಂಜರಿದರು ಎಂಬ ಅಭಿಪ್ರಾಯ ಆಗಲೇ ಇತ್ತು.

ಅದೇ ಸೌತ್‌ಈಸ್ಟರ್ನ್ ಒಕ್ಕೂಟದ ಕೆಂಟಕಿ 1967ರಲ್ಲಿ, ಟೆನೆಸಿ 1968ರಲ್ಲಿ ಕಪ್ಪು ವರ್ಣೀಯ ಆಟಗಾರರನ್ನು ಕಣಕ್ಕಿಳಿಸಿದವು. ಅಲಬಾಮಾ ಸುಮ್ಮನಿತ್ತು. 1969ರ ಜುಲೈನಲ್ಲಿ ವಿಶ್ವವಿದ್ಯಾಲಯದ ಕಪ್ಪು ವರ್ಣೀಯ ವಿದ್ಯಾರ್ಥಿಗಳ ಸಂಘ ಬ್ರಯಂಟರ ಹೆಸರನ್ನೂ ಸೇರಿಸಿ ನ್ಯಾಯಾಲಯದ ಮೆಟ್ಟಿಲೇರಿತು. ವಾದಿಸಿದವರು ಯು. ಡಬ್ಲ್ಯೂ. ಕ್ಲೆಮನ್ ಎಂಬ ಯುವ ವಕೀಲರು. ಮುಂದೆ ಅಲಬಾಮಾದಲ್ಲಿ ಫೆಡರಲ್ ನ್ಯಾಯಾಧೀಶರಾದ ಮೊದಲ ಕಪ್ಪು ವರ್ಣೀಯರು ಅವರೇ.

ಬ್ರಯಂಟರ ಅಭಿಮಾನಿಗಳು ಈ ಮೌನಕ್ಕೆ ಕಾರಣ ಕೊಡುತ್ತಾರೆ. ವಾಲೇಸರ ರಾಜ್ಯದಲ್ಲಿ ಒಬ್ಬ ಕೋಚ್ ಏನು ಮಾಡಿಯಾನು, ಕಾಲ ಪಕ್ವವಾಗಲೆಂದು ಕಾದರು ಎಂಬುದು ಅವರ ವಾದ. ಇದನ್ನು ಪೂರ್ತಿ ಒಪ್ಪುವುದು ಕಷ್ಟ. 1960ರ ದಶಕದ ನಡುವೆ ಅಲಬಾಮಾದಲ್ಲಿ ಗವರ್ನರ್‌ಗೆ ಸರಿಸಮನಾಗಿ ನಿಲ್ಲಬಲ್ಲ ಜನಪ್ರಿಯತೆ ಯಾರಿಗಾದರೂ ಇದ್ದರೆ ಅದು ಬ್ರಯಂಟರಿಗೆ ಮಾತ್ರ. ಭಾನುವಾರ ಅವರ ದೂರದರ್ಶನ ಕಾರ್ಯಕ್ರಮಕ್ಕಾಗಿ ಜನ ಕಾದು ಕೂರುತ್ತಿದ್ದರು. ಆ ಬಂಡವಾಳವನ್ನು ಅವರು ಆ ಹೊತ್ತಿನಲ್ಲಿ ಈ ಕೆಲಸಕ್ಕೆ ಬಳಸಲಿಲ್ಲ. ಗೆಲ್ಲುತ್ತಿದ್ದಷ್ಟು ಕಾಲ ಬಳಸುವ ತುರ್ತೂ ಅವರಿಗೆ ಕಾಣಲಿಲ್ಲ ಎನ್ನಬೇಕು.

ಗೆಲುವು ಕೈಬಿಡತೊಡಗಿದ್ದು 1967ರ ನಂತರ. 1968ರ ಡಿಸೆಂಬರಿನಲ್ಲಿ, 1961ರ ತಂಡದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ ಟ್ರಾಮೆಲ್ 28ನೇ ವಯಸ್ಸಿಗೇ ಕ್ಯಾನ್ಸರ್‌ಗೆ ಬಲಿಯಾದರು. ಓದಿ ವೈದ್ಯರಾಗಿದ್ದ ಈ ಶಿಷ್ಯ ಬ್ರಯಂಟರಿಗೆ ಮಗನಿದ್ದಂತೆ. ಆ ಪೆಟ್ಟಿನಿಂದ ಚೇತರಿಸಿಕೊಳ್ಳಲು ಅವರಿಗೆ ಬಹಳ ಕಾಲ ಬೇಕಾಯಿತು. 1969ರಲ್ಲಿ ಓಲ್ ಮಿಸ್ ವಿರುದ್ಧ 33-32ರಿಂದ ಗೆದ್ದ ಪಂದ್ಯವನ್ನು ಇಡೀ ದೇಶ ರಾತ್ರಿ ಟಿವಿಯಲ್ಲಿ ಕಂಡು ರೋಮಾಂಚನಗೊಂಡಿತು. ರಕ್ಷಣೆಯೇ ಆಟದ ಬೆನ್ನೆಲುಬೆಂದು ನಂಬಿದ್ದ ಕೋಚ್‌ಗೆ ಮಾತ್ರ ಎದುರಾಳಿಗೆ 32 ಅಂಕ ಬಿಟ್ಟುಕೊಟ್ಟ ಗೆಲುವು ಹಿಡಿಸಲಿಲ್ಲ. ಅದೇ ವರ್ಷ ನೆರೆಯ ಬದ್ಧವೈರಿ ಆಬರ್ನ್ ಎದುರು 49-26ರ ಸೋಲು. 1970ರಲ್ಲಿ ಟೆನೆಸಿ ಎದುರು 24-0. ಆ ಟೆನೆಸಿ ತಂಡದ ಕೋಚ್ ಬಿಲ್ ಬ್ಯಾಟಲ್ ಬೇರಾರೂ ಅಲ್ಲ, ಬ್ರಯಂಟರ ಕೈಯಲ್ಲೇ ಆಡಿ ಬೆಳೆದ ಹುಡುಗ. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಶಿಷ್ಯನ ಎದುರು ಗುರುವಿಗೆ ಒಂದು ಅಂಕವನ್ನೂ ಗಳಿಸಲಾಗಲಿಲ್ಲ.

ಇದರ ನಡುವೆ ತಪ್ಪಿಸಿಕೊಳ್ಳಲು ಒಂದು ದಾರಿಯೂ ತೆರೆದಿತ್ತು. 1969ರ ಋತು ಮುಗಿದಾಗ ಮಿಯಾಮಿ ಡಾಲ್ಫಿನ್ಸ್ ಎಂಬ ವೃತ್ತಿಪರ ತಂಡ ಭಾರಿ ಮೊತ್ತದ ಆಹ್ವಾನ ನೀಡಿತು. ಗಂಭೀರವಾಗಿ ಯೋಚಿಸಿದ ಬ್ರಯಂಟ್ ಕೊನೆಗೆ ಟಸ್ಕಲೂಸಾದಲ್ಲೇ ಉಳಿದರು. ಆ ಹುದ್ದೆ ಡಾನ್ ಶುಲಾ ಪಾಲಾಯಿತು, 1972ರಲ್ಲಿ ಅವರು ಒಂದೂ ಪಂದ್ಯ ಸೋಲದ ಇತಿಹಾಸ ಬರೆದರು. ಅದು ಬೇರೆಯೇ ಕಥೆ.

1970ರ ಸೆಪ್ಟೆಂಬರ್ 12ರ ರಾತ್ರಿ ಬರ್ಮಿಂಗ್‌ಹ್ಯಾಮ್ ನಗರದ ಲೀಜನ್ ಫೀಲ್ಡ್‌ನಲ್ಲಿ ನಡೆದ ಪಂದ್ಯದ ಬಗ್ಗೆ ಅಲಬಾಮಾದಲ್ಲಿ ಪುರಾಣಗಳೇ ಹುಟ್ಟಿವೆ. ಎದುರಾಳಿ ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅವರ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಜೋನ್ಸ್, ಓಟಗಾರರಾದ ಸ್ಯಾಮ್ ಕನಿಂಗ್‌ಹ್ಯಾಮ್ ಮತ್ತು ಕ್ಲಾರೆನ್ಸ್ ಡೇವಿಸ್ ಮೂವರೂ ಕಪ್ಪು ವರ್ಣೀಯರು. ಡೇವಿಸ್ ಹುಟ್ಟಿದ್ದು ಅದೇ ಬರ್ಮಿಂಗ್‌ಹ್ಯಾಮಿನಲ್ಲಿ! ತವರಿನ ವಿಶ್ವವಿದ್ಯಾಲಯದ ತಂಡದಲ್ಲಿ ಅವರಂಥವರಿಗೆ ಜಾಗವಿರಲಿಲ್ಲ. ಕನಿಂಗ್‌ಹ್ಯಾಮ್ ಬರೀ 12 ಬಾರಿ ಚೆಂಡು ಹಿಡಿದು 135 ಗಜ ನುಗ್ಗಿದರು. ಅಲಬಾಮಾ 42-21ರಿಂದ ಸೋತಿತು.

ಆ ಒಂದು ಸೋಲು ದಕ್ಷಿಣದ ಕಣ್ಣು ತೆರೆಸಿತು, ಕಪ್ಪು ಆಟಗಾರರನ್ನು ತರಲು ಜನರ ಒಪ್ಪಿಗೆ ಗಿಟ್ಟಿಸಲೆಂದೇ ಬ್ರಯಂಟ್ ಈ ಪಂದ್ಯ ಏರ್ಪಡಿಸಿದ್ದರು ಎಂದು ಹೇಳುವುದುಂಟು. ಪಂದ್ಯದ ಬಳಿಕ ಕನಿಂಗ್‌ಹ್ಯಾಮ್ ಅವರನ್ನು ತಮ್ಮ ಹುಡುಗರ ಮುಂದೆ ನಿಲ್ಲಿಸಿ ಆಟಗಾರನೆಂದರೆ ಹೀಗಿರಬೇಕೆಂದು ಬ್ರಯಂಟ್ ತೋರಿಸಿದರೆಂಬ ಕಥೆಯೂ ಇದೆ. ಆ ಕೋಣೆಯಲ್ಲಿದ್ದ ಹಲವರು ಅಂಥದ್ದೇನೂ ನಡೆದಿಲ್ಲ ಎಂದಿದ್ದಾರೆ. ಕಥೆ ಸೊಗಸಾಗಿದೆ. ದಾಖಲೆ ಬೇರೆ ಹೇಳುತ್ತದೆ. ವಿಲ್ಬರ್ ಜಾಕ್ಸನ್ ಎಂಬ ಕಪ್ಪು ವರ್ಣೀಯ ಆಟಗಾರ ಆ ಪಂದ್ಯಕ್ಕೆ ಮೊದಲೇ ಅಲಬಾಮಾದ ವಿದ್ಯಾರ್ಥಿವೇತನ ಪಡೆದು ಸೇರಿಯಾಗಿತ್ತು. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿಲ್ಲ ಎಂಬ ಅಂದಿನ ನಿಯಮದಿಂದಾಗಿ ಅವರು ಆ ರಾತ್ರಿ ಕಣಕ್ಕಿಳಿಯಲಿಲ್ಲ. ನ್ಯಾಯಾಲಯದಲ್ಲಿ ಮೊಕದ್ದಮೆ ಅದಾಗಲೇ ನಡೆಯುತ್ತಿತ್ತು. ಬದಲಾವಣೆಗೆ ಒಂದು ಪಂದ್ಯಕ್ಕಿಂತ ದೂರು ಕೊಟ್ಟ ವಿದ್ಯಾರ್ಥಿಗಳೇ ಹೆಚ್ಚು ಕಾರಣವೆಂದರೆ ಕಥೆಯ ರಂಗು ಕಡಿಮೆಯಾದೀತು, ಆದರೆ ನ್ಯಾಯ ಸಂದೀತು.

ಮೂರು ದಾರಿಯ ಆಟ

ಇಷ್ಟೆಲ್ಲ ಹೊತ್ತುಕೊಂಡು ಬ್ರಯಂಟ್ 1971ರ ಬೇಸಿಗೆಗೆ ಬಂದರು. ಚೆಂಡೆಸೆತದಲ್ಲಿ ಪಳಗಿದ್ದ ಕ್ವಾರ್ಟರ್‌ಬ್ಯಾಕ್ ಸ್ಕಾಟ್ ಹಂಟರ್ ಓದು ಮುಗಿಸಿ ಹೊರಟಿದ್ದರು. ಉಳಿದ ಟೆರಿ ಡೇವಿಸ್ ಎಸೆತಕ್ಕಿಂತ ಓಟದಲ್ಲಿ ಚುರುಕು. ಜಾನಿ ಮುಸೋ ಎಂಬ ಗಟ್ಟಿ ಓಟಗಾರ ಇದ್ದರು. ಮುಂದಿನ ಸಾಲಿನಲ್ಲಿ ಜಾನ್ ಹ್ಯಾನಾರಂತಹ ದೈತ್ಯರಿದ್ದರು. ಕೈಯಲ್ಲಿರುವ ಸಾಮಾನಿಗೂ ಆಡುತ್ತಿರುವ ಆಟಕ್ಕೂ ತಾಳೆಯಾಗುತ್ತಿಲ್ಲ ಎಂಬುದು ಕೋಚ್‌ಗೆ ಅರಿವಾಯಿತು.

ನೆರವು ಸಿಕ್ಕಿದ್ದು ಎದುರಾಳಿ ಪಾಳಯದ ಗೆಳೆಯನಿಂದ. ಟೆಕ್ಸಾಸ್ ವಿಶ್ವವಿದ್ಯಾಲಯದ ಕೋಚ್ ಡ್ಯಾರೆಲ್ ರಾಯಲ್ ಅವರ ತಂಡ 1968ರಿಂದ ವಿಷ್‌ಬೋನ್ ಎಂಬ ಹೊಸ ವ್ಯೂಹ ಬಳಸಿ ಸತತ 30 ಪಂದ್ಯ ಗೆದ್ದಿತ್ತು. ಅದನ್ನು ರೂಪಿಸಿದವರು ಅವರ ಸಹಾಯಕ ಎಮೊರಿ ಬೆಲಾರ್ಡ್. ಕೋಳಿಯ ಎದೆಯಲ್ಲಿರುವ ಕವಲುಮೂಳೆಯ ಆಕಾರದಲ್ಲಿ ಕ್ವಾರ್ಟರ್‌ಬ್ಯಾಕ್ ಹಿಂದೆ ಮೂವರು ಓಟಗಾರರು ನಿಲ್ಲುತ್ತಾರೆ. ಚೆಂಡು ಕೈಗೆ ಬಂದೊಡನೆ ಕ್ವಾರ್ಟರ್‌ಬ್ಯಾಕ್ ಮುಂದೆ ಮೂರು ದಾರಿ: ನಡುವಿನ ಓಟಗಾರನ ಹೊಟ್ಟೆಗೆ ಚೆಂಡು ಒತ್ತಬಹುದು, ತಾನೇ ನುಗ್ಗಬಹುದು, ಇಲ್ಲವೇ ಬದಿಯಲ್ಲಿ ಓಡಿಬರುವವನತ್ತ ತೂರಬಹುದು. ಯಾವುದೆಂದು ಮೊದಲೇ ನಿಗದಿಯಾಗಿರುವುದಿಲ್ಲ. ಎದುರಾಳಿಯ ಒಬ್ಬ ರಕ್ಷಕನನ್ನು ಬೇಕೆಂದೇ ತಡೆಯದೆ ಬಿಟ್ಟು, ಅವನು ಯಾವ ಕಡೆ ಹೆಜ್ಜೆಯಿಡುತ್ತಾನೋ ನೋಡಿ ಇನ್ನೊಂದು ಕಡೆ ಚೆಂಡು ಸಾಗಿಸುವುದೇ ಇದರ ಮರ್ಮ. ರಕ್ಷಕ ಏನು ಮಾಡಿದರೂ ತಪ್ಪಾಗಬೇಕು! ಆದರೆ ಇದಕ್ಕೆ ಬೇಕಾದ ಕಣ್ಣು-ಕೈಗಳ ಹೊಂದಾಣಿಕೆ ಬರಬೇಕಾದರೆ ಸಾವಿರಾರು ಬಾರಿ ಮಾಡಿದ್ದನ್ನೇ ಮಾಡಬೇಕು. ಒಂದು ಕ್ಷಣ ತಪ್ಪಿದರೆ ಚೆಂಡು ನೆಲದ ಪಾಲು, ಅಲ್ಲಿಂದ ಎದುರಾಳಿಯ ಪಾಲು.

ಬ್ರಯಂಟ್ ಆಸ್ಟಿನ್ ನಗರಕ್ಕೆ ಹೋಗಿ ರಾಯಲ್ ಅವರೊಡನೆ ಕುಳಿತು ಪಾಠ ಹೇಳಿಸಿಕೊಂಡರು. ಅಷ್ಟರಲ್ಲಿ 199 ಗೆಲುವು ಕಂಡಿದ್ದ, ಮೂರು ಬಾರಿ ರಾಷ್ಟ್ರೀಯ ಚಾಂಪಿಯನ್ ಕಟ್ಟಿದ್ದ ಕೋಚ್ ತನಗಿಂತ ಹತ್ತು ಹನ್ನೊಂದು ವರ್ಷ ಚಿಕ್ಕವನ ಮುಂದೆ ವಿದ್ಯಾರ್ಥಿಯಾಗಿ ಕೂತರು. ಇಡೀ ಪ್ರಸಂಗದಲ್ಲಿ ಈ ಲೇಖಕನಿಗೆ ಅತ್ಯಂತ ಮೆಚ್ಚುಗೆಯಾಗುವ ಚಿತ್ರವಿದು. ಊರಿಗೆ ಮರಳಿ ಸಹಾಯಕರನ್ನು ಸೇರಿಸಿ ಇನ್ನು ಮುಂದೆ ಇದೇ ಆಟ, ಮುಳುಗಿದರೂ ತೇಲಿದರೂ ಹಿಂದೆ ಸರಿಯುವ ಮಾತಿಲ್ಲ ಎಂದು ತಿಳಿಸಿದರು. ಮೊದಲ ಪಂದ್ಯಕ್ಕೆ ಉಳಿದದ್ದು ಕೆಲವೇ ವಾರ. ಅದು ಕೂಡ ಹಿಂದಿನ ವರ್ಷ ತವರಿನಲ್ಲೇ ಚಚ್ಚಿಹಾಕಿದ್ದ ಸದರ್ನ್ ಕ್ಯಾಲಿಫೋರ್ನಿಯಾ ವಿರುದ್ಧ, ಈ ಸಲ ಅವರದೇ ಅಂಗಳದಲ್ಲಿ. ಎಡವಿದ್ದರೆ ಬ್ರಯಂಟರ ಅಧ್ಯಾಯ ಅಲ್ಲಿಗೇ ಮುಗಿದಂತೆಯೇ ಇತ್ತು.

ಅದೇ ವರ್ಷ ತಂಡಕ್ಕೆ ಜಾನ್ ಮಿಚೆಲ್ ಬಂದರು. ಅಲಬಾಮಾದ ಮೊಬೀಲ್ ನಗರದ ಈ ಕಪ್ಪು ವರ್ಣೀಯ ಯುವಕ ದೂರದ ಅರಿಜೋನಾದ ಕಾಲೇಜೊಂದರಲ್ಲಿ ಆಡುತ್ತಿದ್ದರು. ಸದರ್ನ್ ಕ್ಯಾಲಿಫೋರ್ನಿಯಾದ ಕೋಚ್ ಜಾನ್ ಮೆಕೇ ಬ್ರಯಂಟರ ಗೆಳೆಯರು. ಮಾತಿನ ನಡುವೆ ಮಿಚೆಲ್‌ರನ್ನು ತಾವು ಕರೆತರಲಿರುವುದಾಗಿ ಮೆಕೇ ಬಾಯಿಬಿಟ್ಟರು. ನೆಪ ಹೇಳಿ ಎದ್ದುಹೋದ ಬ್ರಯಂಟ್ ತಮ್ಮ ಸಹಾಯಕರಿಗೆ ಫೋನು ಮಾಡಿ ಆ ಹುಡುಗನನ್ನು ಹುಡುಕಲು ಹೇಳಿದರಂತೆ. ಕರಡಿ ಕರಡಿಯೇ!

1971ರ ಸೆಪ್ಟೆಂಬರ್ 10, ಲಾಸ್ ಏಂಜಲೀಸ್ ಕೊಲಿಸಿಯಂ ಕ್ರೀಡಾಂಗಣ. ಅಲಬಾಮಾ ಪರವಾಗಿ ಪಂದ್ಯವಾಡಿದ ಮೊದಲ ಕಪ್ಪು ವರ್ಣೀಯರಾಗಿ ಮಿಚೆಲ್ ಕಣಕ್ಕಿಳಿದರು. ಟೆರಿ ಡೇವಿಸ್ ಹಿಂದೆ ಮೂವರು ಓಟಗಾರರು ಕವಲುಮೂಳೆಯಂತೆ ನಿಂತಾಗ ಎದುರಾಳಿ ಕೋಚ್‌ಗಳು ತಬ್ಬಿಬ್ಬಾದರು. ಗುಟ್ಟು ಅಲ್ಲಿಯವರೆಗೆ ಹೊರಬಿದ್ದಿರಲಿಲ್ಲ. ಇದನ್ನು ಎದುರಿಸುವ ತಯಾರಿಯನ್ನೇ ಅವರು ಮಾಡಿಕೊಂಡಿರಲಿಲ್ಲ. ಅವರು ಸಾವರಿಸಿಕೊಳ್ಳುವಷ್ಟರಲ್ಲಿ ಮುಸೋ ಅಂಕ ಗಳಿಸಿ ತಂಡವನ್ನು ಮುಂದೊಯ್ದಿದ್ದರು. ಮುಂದಿನದು ರಕ್ಷಣೆಯ ಹೋರಾಟ. ಬ್ರಯಂಟರಿಗೆ ಪ್ರಿಯವಾದ ಆಟ. ಕೊನೆಯ ಸೀಟಿ ಊದಿದಾಗ ಅಂಕ 17-10. ಬ್ರಯಂಟರ ವೃತ್ತಿಯ 200ನೇ ಗೆಲುವು. ಮರುದಿನ ಅವರ 58ನೇ ಹುಟ್ಟುಹಬ್ಬ.

ಆ ಋತುವಿನಲ್ಲಿ ಅಲಬಾಮಾ 11 ಪಂದ್ಯಗಳನ್ನೂ ಗೆದ್ದಿತು. ತಾನೂ ಅಜೇಯವಾಗಿ ಬಂದಿದ್ದ ಆಬರ್ನ್ ತಂಡವನ್ನು 31-7ರಿಂದ ಬಗ್ಗುಬಡಿಯಿತು. ಆರೆಂಜ್ ಬೌಲ್‌ನಲ್ಲಿ ನೆಬ್ರಾಸ್ಕಾ 38-6ರಿಂದ ಸೋಲಿಸಿ ಕಾಲು ನೆಲಕ್ಕೆ ತಂದಿತೆನ್ನುವುದೂ ನಿಜ.

ಕೊನೆಯ ದಶಕ

ಮುಂದಿನದನ್ನು ಅಂಕಿ ಅಂಶಗಳೇ ಹೇಳುತ್ತವೆ. 1971ರಿಂದ 1979ರವರೆಗೆ 97 ಗೆಲುವು, 11 ಸೋಲು. ಒಂಬತ್ತು ಋತುಗಳಲ್ಲಿ ಎಂಟು ಬಾರಿ ಒಕ್ಕೂಟದ ಚಾಂಪಿಯನ್. 1973, 1978, 1979ರಲ್ಲಿ ರಾಷ್ಟ್ರೀಯ ಪಟ್ಟ. ಇವುಗಳಲ್ಲಿ 1973ರದು ಕೋಚ್‌ಗಳ ಮತದಾನದಲ್ಲಿ, ಕೊನೆಯ ಪಂದ್ಯಕ್ಕೆ ಮೊದಲೇ ಘೋಷಣೆಯಾದದ್ದು. ಆ ಪಂದ್ಯದಲ್ಲಿ ನಾಟರ್‌ಡೇಮ್ ಎದುರು ಅಲಬಾಮಾ ಒಂದು ಅಂಕದಿಂದ ಸೋತಿತು. ಮಿಚೆಲ್ 1972ರಲ್ಲಿ ತಂಡದ ಸಹನಾಯಕರಾದರು, 1973ರಲ್ಲಿ ಬ್ರಯಂಟರ ಸಹಾಯಕ ಕೋಚ್ ಆದರು. ಜಾಕ್ಸನ್ ವೃತ್ತಿಪರ ತಂಡ ಸೇರಿದರು. ದಶಕ ಮುಗಿಯುವ ಹೊತ್ತಿಗೆ ಅಲಬಾಮಾ ತಂಡದಲ್ಲಿ ಕಪ್ಪು ವರ್ಣೀಯ ಆಟಗಾರರಿರುವುದು ಸುದ್ದಿಯೇ ಅಲ್ಲವಾಗಿತ್ತು.

ಚೌಕುಳಿ ಹೆಣಿಗೆಯ ಹ್ಯಾಟು ಧರಿಸಿ, ಪಂದ್ಯಕ್ಕೆ ಮುಂಚೆ ಗೋಲುಕಂಬಕ್ಕೆ ಒರಗಿ ನಿಲ್ಲುವ ಅವರ ಭಂಗಿ ಮನೆಮಾತಾಯಿತು. ಚಾವಣಿ ಇರುವ ಕ್ರೀಡಾಂಗಣದಲ್ಲಿ ಮಾತ್ರ ಹ್ಯಾಟು ಹಾಕುತ್ತಿರಲಿಲ್ಲ. ಮನೆಯೊಳಗೆ ಟೋಪಿ ಧರಿಸಬಾರದೆಂದು ತಾಯಿ ಕಲಿಸಿದ್ದರಂತೆ. 1981ರ ನವೆಂಬರ್ 28ರಂದು ಆಬರ್ನ್ ವಿರುದ್ಧ 28-17ರ ಜಯ ಅವರ 315ನೆಯದು. ಅಮೋಸ್ ಅಲೋಂಜೋ ಸ್ಟಾಗ್ ಅವರ 314 ಗೆಲುವುಗಳ ದಾಖಲೆ ಮುರಿಯಿತು.

ಮರುವರ್ಷ ಮತ್ತೆ ಸೋಲುಗಳು ಬಂದವು. ಆಬರ್ನ್ ಎದುರು 23-22ರ ಸೋಲಿನೊಂದಿಗೆ ಸತತ ಮೂರು ಪಂದ್ಯ ಕೈತಪ್ಪಿದವು. ಈ ಸಲ ಅವರಲ್ಲಿ ಹೊಸ ವ್ಯೂಹ ಕಲಿಯುವ ಕಸುವು ಉಳಿದಿರಲಿಲ್ಲ. ಡಿಸೆಂಬರ್ 15ರಂದು ನಿವೃತ್ತಿ ಘೋಷಿಸಿದರು. ಡಿಸೆಂಬರ್ 29ರಂದು ಲಿಬರ್ಟಿ ಬೌಲ್‌ನಲ್ಲಿ ಇಲಿನಾಯ್ ವಿರುದ್ಧ 21-15ರ ಗೆಲುವು, ಒಟ್ಟು 323ನೆಯದು. ಕೋಚ್ ಕೆಲಸ ಬಿಟ್ಟರೆ ತಾನು ಹೆಚ್ಚು ದಿನ ಬದುಕಲಾರೆ ಎಂದು ಅವರು ತಮಾಷೆಗೆಂಬಂತೆ ಹೇಳುತ್ತಿದ್ದುದುಂಟು. 28 ದಿನ ಕಳೆದಿತ್ತು. 1983ರ ಜನವರಿ 26ರಂದು ಟಸ್ಕಲೂಸಾದ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ನಿಧನರಾದರು. ವಯಸ್ಸು 69.

ಟಸ್ಕಲೂಸಾದಿಂದ ಬರ್ಮಿಂಗ್‌ಹ್ಯಾಮಿನ ಎಲ್ಮ್‌ವುಡ್ ಸ್ಮಶಾನದವರೆಗೆ ಐವತ್ತಕ್ಕೂ ಹೆಚ್ಚು ಮೈಲಿ. ಹೆದ್ದಾರಿಯ ಇಕ್ಕೆಲಗಳಲ್ಲಿ, ಮೇಲ್ಸೇತುವೆಗಳ ಮೇಲೆ ಲಕ್ಷಾಂತರ ಜನ ನಿಂತಿದ್ದರು. ಲಾರಿ ಚಾಲಕರು ಗಾಡಿ ನಿಲ್ಲಿಸಿ ಇಳಿದು ಟೋಪಿ ತೆಗೆದರು. ಶವಪೆಟ್ಟಿಗೆ ಹೊತ್ತವರು ಅವರ ಕೊನೆಯ ತಂಡದ ಆಟಗಾರರು. ಅವರಲ್ಲಿ ಬಿಳಿಯರೂ ಇದ್ದರು, ಕಪ್ಪು ವರ್ಣೀಯರೂ ಇದ್ದರು.

ಆರು ರಾಷ್ಟ್ರೀಯ ಪಟ್ಟಗಳ ಒಡೆಯನಾಗಿದ್ದ ಬ್ರಯಂಟರನ್ನು ಮಣ್ಣು ಮಾಡುವಾಗ ಅವರ ಬೆರಳಲ್ಲಿದ್ದ ಆಭರಣ ಒಂದೇ. ಅದು 1954ರ ಆ ಹತ್ತು ದಿನ ತಾಳಿಕೊಂಡ ಹುಡುಗರು ಕಾಲು ಶತಮಾನದ ನಂತರ, 1979ರಲ್ಲಿ, ಜಂಕ್ಷನ್ನಿನಲ್ಲಿ ಮತ್ತೆ ಸೇರಿದಾಗ ತಮ್ಮ ಹಳೆಯ ಕೋಚ್‌ಗೆ ಕೊಟ್ಟಿದ್ದ ಉಂಗುರ.